ಮರಳ ದಿಬ್ಬಕ್ಕೆ ಮನೆಮಂದಿಯ ಸ್ನಾರ್ಕೆಲಿಂಗ್ ಟ್ರಿಪ್: ಪ್ಲಾನ್ ಶುರುವಾಗಬೇಕಾದ್ದು ಅಜ್ಜಿಯಿಂದ

(ಪಾಡ್‌ಕಾಸ್ಟ್‌ನ ಪಠ್ಯರೂಪ)

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ಫೋಟೊದಿಂದ. ಸುತ್ತ ತಿಳಿ ನೀಲಿ ನೀರು, ನಡುವೆ ಒಂದು ಹಿಡಿ ಬಿಳಿ ಮರಳು, ಮರಳಿನ ಮೇಲೆ ಒಂದು ಛತ್ರಿ. ಫ್ಯಾಮಿಲಿ ವಾಟ್ಸ್ಆಪ್ ಗ್ರೂಪಿಗೆ ಇದನ್ನ ಫಾರ್ವರ್ಡ್ ಮಾಡಿ "ಈ ರಜೆಗೆ ಇಲ್ಲಿಗೆ ಹೋಗೋಣ್ವಾ?" ಅಂತ ಕೇಳಿದವರು ನೀವೇ. ಹತ್ತು ನಿಮಿಷದಲ್ಲಿ ಎಲ್ಲರೂ ಹ್ಞೂಂ ಅಂದ್ರು. ಅಲ್ಲಿಂದಾಚೆ ಟಿಕೆಟ್, ಪರ್ಮಿಟ್, ದೋಣಿ, ಊಟ ಎಲ್ಲದರ ಜವಾಬ್ದಾರಿ ನಿಮ್ಮ ತಲೆ ಮೇಲೆ.

ಆ ಫೋಟೊ ಒಂದು ವಿಷಯ ಹೇಳಲ್ಲ: ಅದನ್ನ ತೆಗೆದಾಗ ಗಂಟೆ ಎಷ್ಟಾಗಿತ್ತು ಅನ್ನೋದು. ಅದೇ ದಿನ ಮೂರು ತಾಸು ಬಿಟ್ಟು ಅಲ್ಲಿಗೆ ಹೋಗಿದ್ರೆ ಬಹುಶಃ ಮರಳೇ ಕಾಣ್ತಿರಲಿಲ್ಲ.

ಇವತ್ತು ನಾವು ಮಾತಾಡೋದು ಲಕ್ಷದ್ವೀಪದ ಬಗ್ಗೆ. ಒಂದು ಮನೆಯನ್ನ ಕಲ್ಪಿಸಿಕೊಳ್ಳಿ. ಈಜು ಬಾರದ ಅಜ್ಜಿ, ಬಿಪಿ ಮಾತ್ರೆ ತಗೊಳ್ಳೋ ಅಪ್ಪ, ದೋಣಿ ಅಂದ್ರೆ ವಾಂತಿ ಬರೋ ಅಮ್ಮ, ಏಳು ವರ್ಷದ ಅಕ್ಕನ ಮಗ, ಅಕ್ಕ, ಮತ್ತೆ ನೀವು. ಈ ಆರು ಜನ ಖುಷಿಯಾಗಿ ಹೋಗಿ ಆರು ಜನವೂ ಕ್ಷೇಮವಾಗಿ ವಾಪಸ್ ಬರೋಕೆ ಏನೇನು ಗೊತ್ತಿರಬೇಕು ಅನ್ನೋದೇ ಇವತ್ತಿನ ವಿಷಯ.

ಜಾಗ ಯಾವುದು?

ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಜನ ವಾಸ ಇರೋದು 10 ದ್ವೀಪಗಳಲ್ಲಿ. ಆದರೆ ಹವಳದ ಗೋಡೆಯ ಒಳಗೆ ನಿಂತಿರೋ ಆಳವಿಲ್ಲದ ಶಾಂತ ನೀರು, ಅಂದ್ರೆ ಲಗೂನ್, ಸುಮಾರು 4,200 ಚದರ ಕಿಲೋಮೀಟರ್ ಇದೆ. ಪ್ರವಾಸಿಗರು ನೋಡೋಕೆ ಹೋಗೋದು ಹೆಚ್ಚಾಗಿ ಈ ನೀರನ್ನೇ.

ವಿಮಾನ ನಿಲ್ದಾಣ ಇರೋದು ಅಗತ್ತಿಯಲ್ಲಿ. ಅಲ್ಲಿಂದ ಈಶಾನ್ಯಕ್ಕೆ ದೋಣಿಯಲ್ಲಿ ಸುಮಾರು ಒಂದು ಗಂಟೆ ಹೋದ್ರೆ ಬಂಗಾರಂ. ಅದೇ ಲಗೂನ್ ಒಳಗೆ ತಿನ್ನಕರ ಮತ್ತು ಪರಳಿ ಅನ್ನೋ ಪುಟ್ಟ ದ್ವೀಪಗಳು, ಮರಳ ದಿಬ್ಬಗಳು. ಇಲ್ಲಿ ಒಂದು ಮಾತು ನೆನಪಿಡಿ. ಅಗತ್ತಿಯ ಲಗೂನ್ ಬೇರೆ, ಬಂಗಾರಂ ಲಗೂನ್ ಬೇರೆ. ಎರಡರ ನಡುವೆ ಇರೋದು ತೆರೆದ ಸಮುದ್ರ. ಫೋಟೊದಲ್ಲಿ ಕಾಣೋ ನೀರು ಕನ್ನಡಿ ತರ ಇದ್ದರೂ ಅಲ್ಲಿಗೆ ಹೋಗೋ ದಾರಿ ಹಾಗಿರಲ್ಲ.

ನಮಗೂ ಲಕ್ಷದ್ವೀಪಕ್ಕೂ ಹಳೇ ನಂಟಿದೆ. ಅಗತ್ತಿಗಿಂತ ಉತ್ತರಕ್ಕಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪು ಸುಲ್ತಾನನ ಕೈಯಲ್ಲಿದ್ದವು. ಆಮೇಲೆ 1956ರವರೆಗೂ ಅವುಗಳ ಆಡಳಿತ ನಡೀತಿದ್ದುದು ಮಂಗಳೂರಿನಿಂದ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೋಗುತ್ತೆ.

ಮರಳ ದಿಬ್ಬ ಅಂದ್ರೆ ಏನು?

ಮೊದಲು ಮರಳು ಎಲ್ಲಿಂದ ಬಂತು ನೋಡೋಣ. ನಮ್ಮ ಕರಾವಳಿಗೆ ನದಿಗಳು ಮರಳು ತರುತ್ತವೆ. ಲಕ್ಷದ್ವೀಪದಲ್ಲಿ ನದಿಯೇ ಇಲ್ಲ. ಅಲ್ಲಿನ ಮರಳು ಹವಳ, ಚಿಪ್ಪು, ಸುಣ್ಣದಂಶದ ಪಾಚಿ ಪುಡಿಯಾಗಿ ಆದದ್ದು. ಪುಡಿ ಮಾಡೋ ಕೆಲಸದಲ್ಲಿ ಗಿಳಿಮೀನುಗಳ ಪಾಲು ದೊಡ್ಡದು. ಗಿಳಿಯ ಕೊಕ್ಕಿನಂಥ ಹಲ್ಲಿಂದ ಹವಳದ ಬಂಡೆಯನ್ನ ಕೆರೆದು, ಪಾಚಿ ಜೀರ್ಣಿಸಿಕೊಂಡು, ಉಳಿದದ್ದನ್ನ ಹಿಂದಿನಿಂದ ಮರಳಾಗಿ ಬಿಡುತ್ತವೆ. ಪಕ್ಕದ ಮಾಲ್ಡೀವ್ಸ್‌ನ ವಕ್ಕರು ದ್ವೀಪದ ಬಗ್ಗೆ 2015ರಲ್ಲಿ ಬಂದ ಅಧ್ಯಯನದ ಪ್ರಕಾರ, ಅಲ್ಲಿ ಹೊಸದಾಗಿ ಹುಟ್ಟೋ ಮರಳಿನಲ್ಲಿ ಶೇ 85ಕ್ಕೂ ಹೆಚ್ಚು ಗಿಳಿಮೀನುಗಳದ್ದೇ ಕೊಡುಗೆ. ಅಕ್ಕನ ಮಗನಿಗೆ ಇದನ್ನ ಮೊದಲೇ ಹೇಳಿಬಿಡಿ, ಇಡೀ ಟ್ರಿಪ್ ನಗ್ತಾ ಇರ್ತಾನೆ.

ಹೀಗೆ ಹುಟ್ಟಿದ ಮರಳನ್ನ ಅಲೆ, ಗಾಳಿ, ನೀರಿನ ಹರಿವು ಒಂದು ಕಡೆ ಗುಡ್ಡೆ ಹಾಕುತ್ತವೆ, ಇನ್ನೊಂದು ಋತುವಿನಲ್ಲಿ ಅವೇ ಎಳೆದುಕೊಂಡು ಹೋಗುತ್ತವೆ. ಹೋದ ವರ್ಷದ ರೀಲ್ಸ್‌ನಲ್ಲಿ ಕಂಡ ದಿಬ್ಬ ಈ ವರ್ಷ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇರಬೇಕು ಅಂತೇನಿಲ್ಲ. ಗಿಡ ಇರೋ ದ್ವೀಪಗಳಿಗೂ ಈ ಕಾಟ ತಪ್ಪಿದ್ದಲ್ಲ. ಬಂಗಾರಂ ಪಕ್ಕದಲ್ಲೇ ಪರಳಿ-1 ಅನ್ನೋ ನಿರ್ಜನ ದ್ವೀಪ ಇತ್ತು. 1968ರಲ್ಲಿ ಅದರ ವಿಸ್ತೀರ್ಣ 0.032 ಚದರ ಕಿಲೋಮೀಟರ್, ಸುಮಾರು ಎಂಟು ಎಕರೆ. ಕೊರೆತಕ್ಕೆ ಸಿಕ್ಕಿ ಅದು ಪೂರ್ತಿ ಮುಳುಗಿದೆ ಅಂತ 2017ರಲ್ಲಿ ಅಧ್ಯಯನವೊಂದು ದಾಖಲಿಸಿತು. ನೀವು ಕಾಲಿಡೋ ಮರಳು ಎಷ್ಟು ತಾತ್ಕಾಲಿಕ ಅನ್ನೋದು ಇದರಿಂದ ಗೊತ್ತಾಗುತ್ತೆ.

ಗಡಿಯಾರ ಸಮುದ್ರದ್ದು

ದಿಬ್ಬ ಪ್ರತಿದಿನ ಮುಳುಗಿ ಏಳೋದು ಉಬ್ಬರ-ಇಳಿತದಿಂದ. ಲಕ್ಷದ್ವೀಪದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಇರೋ ವ್ಯತ್ಯಾಸ ಹೆಚ್ಚುಕಮ್ಮಿ ಒಂದು ಮೀಟರ್. ಕೇಳೋಕೆ ಸಣ್ಣದು. ಆದರೆ ಏಳು ವರ್ಷದ ಮಗುವಿಗೆ ಮೊಣಕಾಲಿನವರೆಗೆ ಇದ್ದ ನೀರು ಕುತ್ತಿಗೆಗೆ ಬರೋಕೆ ಅಷ್ಟು ಸಾಕು.

ಇಲ್ಲಿ ಮೂರು ಲೆಕ್ಕ ಗೊತ್ತಿದ್ರೆ ಸಾಕು.

ಒಂದು: ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಆದರೆ ನೀರು ಒಂದೇ ವೇಗದಲ್ಲಿ ಇಳಿಯಲ್ಲ, ಏರಲ್ಲ. ಮೊದಲ ಮತ್ತು ಕೊನೇ ಗಂಟೆಯಲ್ಲಿ ನಿಧಾನ, ನಡುವಿನ ಎರಡು ಗಂಟೆಯಲ್ಲಿ ಜೋರು. ಒಟ್ಟು ಬದಲಾವಣೆಯ ಸುಮಾರು ಅರ್ಧ ಆ ಎರಡೇ ಗಂಟೆಯಲ್ಲಿ ಆಗುತ್ತೆ. "ಇನ್ನೂ ಟೈಮ್ ಇದೆ" ಅಂತ ಕೂತವರು ಎಡವೋದು ಇಲ್ಲೇ.

ಎರಡು: ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಭಾನುವಾರ ಬೆಳಿಗ್ಗೆ 11ಕ್ಕೆ ಇಳಿತ ಇದ್ದರೆ ಬುಧವಾರ ಅದು ಮಧ್ಯಾಹ್ನ ಒಂದೂವರೆ. ಟ್ರಿಪ್ ಮುಂದೂಡಿದ್ರೆ ವೇಳಾಪಟ್ಟಿಯನ್ನೂ ಮತ್ತೆ ಬರೀಬೇಕು.

ಮೂರನೆಯದನ್ನ ಅಜ್ಜಿಯನ್ನೇ ಕೇಳಿ, ಹೇಳ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣದು. ಗೋಡೆ ಕ್ಯಾಲೆಂಡರ್ ನೋಡಿದ್ರೆ ಅಂದಾಜು ಸಿಗುತ್ತೆ. ಹುಣ್ಣಿಮೆ ಹೊತ್ತಿಗೆ ದಿಬ್ಬ ಅಗಲವಾಗಿ ಕಾಣುತ್ತೆ ನಿಜ, ಆದರೆ ನೀರಿನ ಸೆಳೆತವೂ ಜಾಸ್ತಿ. ಮಗು, ವಯಸ್ಸಾದವರು ಇದ್ದಾಗ ಅಷ್ಟಮಿ ಕಡೆಯ ದಿನಗಳೇ ಹೆಚ್ಚು ನೆಮ್ಮದಿ.

ನಿಮ್ಮ ದಿನದ ನಿಖರ ಸಮಯಕ್ಕೆ ಟೈಡ್ ಟೇಬಲ್ ನೋಡಿ. ಆಮೇಲೆ ದೋಣಿಯವರನ್ನ ಕೇಳಿ. ಇಬ್ಬರ ಉತ್ತರ ಬೇರೆ ಬೇರೆ ಬಂದ್ರೆ ದೋಣಿಯವರ ಮಾತು ಕೇಳಿ.

ಒಂದು ಉದಾಹರಣೆ. ಇಳಿತ 11ಕ್ಕೆ ಅಂದುಕೊಳ್ಳಿ. ಬೆಳಿಗ್ಗೆ ಏಳೂವರೆಗೆ ಹೊರಡಿ. ಒಂಬತ್ತರ ಒಳಗೆ ಲಗೂನ್ ಒಳಭಾಗದಲ್ಲಿ ಸ್ನಾರ್ಕೆಲಿಂಗ್ ಮುಗಿಸಿ. ನೀರು ಇನ್ನೂ ಇಳಿದರೆ ಹೊಟ್ಟೆಗೂ ಹವಳಕ್ಕೂ ನಡುವೆ ಜಾಗ ಸಾಲದೆ ಮೈ ತರಚುತ್ತೆ. ಹತ್ತಕ್ಕೆ ಮರಳ ದಿಬ್ಬ. ಹನ್ನೊಂದೂವರೆಗೆ ದೋಣಿ ಹತ್ತಿಬಿಡಿ. ನೀರು ವಾಪಸ್ ಏರೋದೂ ನೆತ್ತಿ ಸುಡೋ ಬಿಸಿಲೂ ಒಟ್ಟಿಗೆ ಬರೋ ಹೊತ್ತಿಗೆ ನೀವು ತೆಂಗಿನ ಮರದ ನೆರಳಲ್ಲಿ ಇರಬೇಕು.

ಯಾವ ತಿಂಗಳು?

ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಸೀಸನ್. ಮಳೆಗಾಲದಲ್ಲಿ ಸಣ್ಣ ದೋಣಿಯ ಮಾತೇ ಬೇಡ. ಮನೆಮಂದಿಗೆ ಡಿಸೆಂಬರ್‌ನಿಂದ ಮಾರ್ಚ್ ಅನುಕೂಲ. ಶಾಲೆ ರಜೆ ಅಂತ ಏಪ್ರಿಲ್-ಮೇಗೆ ಹಾಕಿಕೊಂಡ್ರೆ ಒಂದು ಮಲಯಾಳಂ ಪದ ಕಲಿತುಕೊಳ್ಳಿ: ಕಳ್ಳಕ್ಕಡಲ್. ನಮ್ಮ ಭಾಷೆಯಲ್ಲೂ ಅರ್ಥ ಅದೇ, ಕಳ್ಳ ಕಡಲು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಗಾಳಿಯ ಅಲೆಗಳು ಸದ್ದಿಲ್ಲದೆ ಬಂದು ಇಲ್ಲಿ ಅಪ್ಪಳಿಸುತ್ತವೆ. ಸ್ಥಳೀಯವಾಗಿ ಗಾಳಿ ಇರಲ್ಲ, ಮೋಡ ಇರಲ್ಲ, ಆಕಾಶ ಫೋಟೊದಷ್ಟೇ ನೀಲಿಯಾಗಿರುತ್ತೆ. ಅದಕ್ಕೇ ಕಳ್ಳ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಇದರ ಮುನ್ನೆಚ್ಚರಿಕೆ ಕೊಡುತ್ತೆ. ಹಿಂದಿನ ರಾತ್ರಿ ಅದರ ಸೈಟ್ ನೋಡಿ. ಜೊತೆಗೆ ಹವಾಮಾನ ಇಲಾಖೆ ಲಕ್ಷದ್ವೀಪದ ಮೀನುಗಾರರಿಗೆ ಕೊಡೋ ಎಚ್ಚರಿಕೆಯನ್ನೂ ಓದಿ. ಮೀನುಗಾರರೇ ಹೋಗಬಾರದು ಅಂದ ದಿನ ನಿಮ್ಮ ಅಮ್ಮ ಹೋಗಬಾರದು.

ಪರ್ಮಿಟ್, ಪ್ರಯಾಣ

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಮಗುವಿಗೂ ಸೇರಿ ಪ್ರತಿಯೊಬ್ಬರ ಗುರುತಿನ ದಾಖಲೆ ಮೊದಲೇ ಜೋಡಿಸಿಡಿ. ನಿಯಮ ಆಗಾಗ ಬದಲಾಗುತ್ತೆ, ಹಾಗಾಗಿ ಆಡಳಿತದ ಅಧಿಕೃತ ಸೈಟ್ ನೋಡಿಯೇ ಅರ್ಜಿ ಹಾಕಿ. ಪರ್ಮಿಟ್ ಕೈಗೆ ಬರೋ ಮೊದಲು ವಾಪಸ್ ದುಡ್ಡು ಸಿಗದ ಟಿಕೆಟ್ ತಗೊಳ್ಳಬೇಡಿ.

ಕೊಚ್ಚಿಯಿಂದ ವಿಮಾನವೂ ಇದೆ, ಹಡಗೂ ಇದೆ. ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ 2024ರಲ್ಲಿ ಶುರುವಾಯ್ತು. ಈ ವಿಮಾನಗಳು ಸಣ್ಣವು, ಲಗೇಜ್ ಮಿತಿ ಗಮನಿಸಿ. ನೆಟ್‌ವರ್ಕ್ ನಂಬಿ ಕೂರಬೇಡಿ, ಕೈಯಲ್ಲಿ ಸ್ವಲ್ಪ ನಗದು ಇರಲಿ.

ಅಲ್ಲಿನ ಜನ ಬಹುತೇಕ ಮುಸ್ಲಿಮರು, ಮಾತು ಮಲಯಾಳಂನ ಒಂದು ಉಪಭಾಷೆ. ಊರೊಳಗೆ ಓಡಾಡುವಾಗ ಮೈ ಮುಚ್ಚೋ ಬಟ್ಟೆ ಹಾಕಿ. ಬಂಗಾರಂ ಬಿಟ್ಟರೆ ಮದ್ಯ ನಿಷಿದ್ಧ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ದೋಣಿ ಸಿಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ಲಾನ್‌ನಲ್ಲಿ ಒಂದು ಖಾಲಿ ದಿನ ಇಡಿ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ದೋಣಿಯವರನ್ನ ಕೇಳಬೇಕಾದ್ದು

ರೇಟ್ ಎಷ್ಟು ಅನ್ನೋದು ಮೊದಲ ಪ್ರಶ್ನೆ ಆಗಬಾರದು. ಈ ಪ್ರಶ್ನೆಗಳನ್ನ ಫೋನಲ್ಲಿ ನೋಟ್ ಮಾಡ್ಕೊಳ್ಳಿ:

– ಎಷ್ಟು ಜನರಿಗೆ ಅನುಮತಿ ಇದೆ, ನಮ್ಮ ಜೊತೆ ಇನ್ನೆಷ್ಟು ಜನ ಇರ್ತಾರೆ?
– ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ? ಮಗುವಿನ ಅಳತೆಯದು ಇದೆಯಾ?
– ಎಂಜಿನ್ ಕೈಕೊಟ್ರೆ ಏನು ವ್ಯವಸ್ಥೆ? ಮೊಬೈಲ್ ಸಿಗ್ನಲ್ ಇಲ್ಲದ ಕಡೆ ದಡಕ್ಕೆ ಹೇಗೆ ತಿಳಿಸ್ತೀರಿ?
– ನೀರಿನಿಂದ ದೋಣಿಗೆ ಹತ್ತೋಕೆ ಏಣಿ ಇದೆಯಾ?
– ನೆರಳಿದೆಯಾ? ಶೌಚಾಲಯಕ್ಕೆ ಎಲ್ಲಿ ನಿಲ್ಲಿಸ್ತೀರಿ?
– ನಾವು ನೀರಿಗೆ ಇಳಿದಾಗ ದೋಣಿಯಲ್ಲಿ ಒಬ್ಬರು ಉಳಿದು ನಮ್ಮನ್ನೇ ನೋಡ್ತಾ ಇರ್ತಾರಾ?

ಏಣಿ ಬಗ್ಗೆ ಕೇಳೋದು ಸಣ್ಣತನ ಅನ್ನಿಸಬಹುದು. ದಣಿದ ಅಪ್ಪನನ್ನ ನೀರಿನಿಂದ ದೋಣಿಗೆ ಎತ್ತೋಕೆ ಇಬ್ಬರು ಗಟ್ಟಿಗರು ಬೇಕು. ಇನ್ನು ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದ್ರೆ ನೀರಲ್ಲಿ ಜಾಕೆಟ್ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ಹಾಕಿದ ಮೇಲೆ ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿವರೆಗೂ ಬಂದ್ರೆ ಅಳತೆ ಸರಿಯಿಲ್ಲ. ಅನುಮಾನ ಇದ್ರೆ ಮಗುವಿನದು ಊರಿಂದಲೇ ತಗೊಂಡು ಹೋಗಿ.

ನೀರಿಗೆ ಇಳಿಯೋದು

ಸ್ನಾರ್ಕೆಲಿಂಗ್ ಸುಲಭ ಅಂತ ಎಲ್ಲರೂ ಹೇಳ್ತಾರೆ. ಮುಖ ನೀರಲ್ಲಿ, ಕೊಳವೆಯಿಂದ ಉಸಿರು, ಅಷ್ಟೇ ತಾನೆ? ಆದರೆ ಹವಾಯಿಯಲ್ಲಿ ಪ್ರವಾಸಿಗರು ನೀರಿನಲ್ಲಿ ಸಾಯುವ ಪ್ರಕರಣಗಳಲ್ಲಿ ಸ್ನಾರ್ಕೆಲಿಂಗ್‌ನದ್ದೇ ಮೇಲುಗೈ. ಅಲ್ಲಿನ ಸರ್ಕಾರದ ಬೆಂಬಲದಲ್ಲಿ ನಡೆದ ಅಧ್ಯಯನವೊಂದು ಗಮನ ಸೆಳೆದದ್ದು ಇಲ್ಲಿಗೆ: ಕೆಲವರು ನೀರು ಕುಡಿದು ಮುಳುಗಿದವರಲ್ಲ. ಇಕ್ಕಟ್ಟಾದ ಕೊಳವೆಯಿಂದ ಜೋರಾಗಿ ಉಸಿರು ಎಳೆಯುವಾಗ ಶ್ವಾಸಕೋಶದೊಳಗೆ ದೇಹದ್ದೇ ದ್ರವ ತುಂಬಿಕೊಳ್ಳಬಹುದು. ಹೃದಯದ ತೊಂದರೆ ಇದ್ದವರಿಗೆ, ಆಯಾಸ ಮಾಡಿಕೊಂಡವರಿಗೆ ಅಪಾಯ ಹೆಚ್ಚು. ಕೈಕಾಲಲ್ಲಿ ಶಕ್ತಿ ಹೋದಂತೆ, ಉಸಿರು ಸಾಲದಂತೆ ಆಗುತ್ತೆ. ಅವರು ಕೂಗಲ್ಲ, ಕೈ ಬೀಸಲ್ಲ. ಮುಖ ಕೆಳಗೆ ಮಾಡಿ ಸುಮ್ಮನೆ ತೇಲ್ತಾ ಇರ್ತಾರೆ. ಸ್ನಾರ್ಕೆಲ್ ಮಾಡುವವರೂ ಹಾಗೇ ತೇಲ್ತಾರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಅದಕ್ಕೇ ಅಪ್ಪನನ್ನ ಹೊರಡೋ ಮುಂಚೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, "ಸ್ನಾರ್ಕೆಲಿಂಗ್ ಮಾಡಬಹುದಾ" ಅಂತಲೇ ಕೇಳಿ. "ನಂಗೇನಾಗಿದೆ, ಹಳ್ಳಿ ಬಾವೀಲಿ ಈಜಿದವನು ನಾನು" ಅಂತಾರೆ. ಬಾವಿಯಲ್ಲಿ ಈಜಿದ್ದು ನಲವತ್ತು ವರ್ಷದ ಹಿಂದೆ ಅಂತ ನೆನಪಿಸಿ.

ಇನ್ನು ಅಭ್ಯಾಸ. ಊರಿನ ಈಜುಕೊಳದಲ್ಲಿ ಎರಡು ಭಾನುವಾರ ಸಾಕು. ಎದೆಮಟ್ಟದ ನೀರಲ್ಲಿ ಕಾಲೂರಿ ನಿಂತು, ಮುಖ ಮಾತ್ರ ಮುಳುಗಿಸಿ ನಿಧಾನವಾಗಿ ಉಸಿರಾಡೋದು. ಕೊಳವೆಗೆ ನೀರು ಬಂದ್ರೆ ಜೋರಾಗಿ ಊದಿ ಹೊರಹಾಕೋದು. ಇಷ್ಟು ಗಾಬರಿ ಇಲ್ಲದೆ ಬಂದ್ರೆ ಮುಕ್ಕಾಲು ಪಾಲು ಕಲಿತ ಹಾಗೆ. ಮಾಸ್ಕ್ ಅನ್ನ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದಾಗ ಅಂಟಿಕೊಂಡು ನಿಂತ್ರೆ ಅದು ನಿಮ್ಮ ಅಳತೆ. ಅಪ್ಪನ ಮೀಸೆ ದಪ್ಪ ಇದ್ರೆ ಸಂದಿಯಿಂದ ನೀರು ಬರುತ್ತೆ; ಸ್ವಲ್ಪ ಟ್ರಿಮ್ ಮಾಡಿಸೋ ಬಗ್ಗೆ ಮನೆಯಲ್ಲಿ ಮಾತುಕತೆ ಆಗಲಿ. ಮುಖ ಪೂರ್ತಿ ಮುಚ್ಚೋ ಮಾಸ್ಕ್ ಹೊಸಬರಿಗೆ ಬೇಡ. ಗಾಬರಿಯಾದಾಗ ಮಾಮೂಲಿ ಕೊಳವೆಯನ್ನ ಬಾಯಿಂದ ಉಗುಳಿಬಿಡಬಹುದು. ಆ ಮಾಸ್ಕನ್ನ ಪಟ್ಟಿ ಸಮೇತ ಕಿತ್ತು ತೆಗೀಬೇಕು.

ನೀರಲ್ಲಿ ನಿಯಮ ಸರಳ. ಜೋಡಿಯಾಗಿ ಇಳಿಯಿರಿ, ಕೈಗೆ ಸಿಗೋ ದೂರದಲ್ಲಿರಿ. ಮಗುವಿಗೆ ಒಬ್ಬ ದೊಡ್ಡವರು ಮೀಸಲು, ಅವರ ಕೈಯಲ್ಲಿ ಕ್ಯಾಮೆರಾ ಇರಬಾರದು. ಮಾಸ್ಕ್ ಒಳಗಿಂದ ನೋಡಿದಾಗ ವಸ್ತುಗಳು ನಿಜವಾದ ದೂರದ ಮುಕ್ಕಾಲು ದೂರದಲ್ಲೇ ಇದ್ದಂತೆ ಕಾಣುತ್ತವೆ. "ಇಲ್ಲೇ ಕಾಲು ಸಿಗುತ್ತೆ" ಅನ್ನಿಸಿದ ಕಡೆ ಸಿಗದೇ ಇರಬಹುದು. ಹವಳದ ಗೋಡೆಯಲ್ಲಿ ದೋಣಿ ಒಳಬರೋ ಕಿಂಡಿ ಇರುತ್ತಲ್ಲ, ಅದರಿಂದ ದೂರ ಇರಿ. ಇಳಿತದ ಹೊತ್ತಿಗೆ ಲಗೂನ್ ನೀರು ಆ ಕಿಂಡಿಯಿಂದ ತೆರೆದ ಸಮುದ್ರಕ್ಕೆ ನುಗ್ಗುತ್ತೆ. ಉಸಿರು ಸಾಲದು ಅನ್ನಿಸಿದ ಕ್ಷಣ ಕೊಳವೆ ತೆಗೆದು, ಬೆನ್ನ ಮೇಲೆ ತಿರುಗಿ, ದೋಣಿಗೆ ಕೈ ಎತ್ತಿ. ಅದರಲ್ಲಿ ನಾಚಿಕೆ ಏನಿಲ್ಲ. ಅಲ್ಲಿ ದೊಡ್ಡ ಚಿಕಿತ್ಸೆ ಬೇಕಾದ್ರೆ ಮೊದಲು ಅಗತ್ತಿ, ಆಮೇಲೆ ಕೊಚ್ಚಿ ಅನ್ನೋದು ನೆನಪಿರಲಿ.

ಅಜ್ಜಿ? ಅಜ್ಜಿ ಮುಖ ಮುಳುಗಿಸಬೇಕಾಗೇ ಇಲ್ಲ. ತಳದಲ್ಲಿ ಗಾಜು ಇರೋ ದೋಣಿ ಸಿಗುತ್ತೆ, ಕೂತಲ್ಲೇ ಹವಳ, ಮೀನು, ಅದೃಷ್ಟ ಇದ್ರೆ ಆಮೆಯನ್ನೂ ನೋಡಬಹುದು. ಮರಳ ದಿಬ್ಬದ ಅಂಚಲ್ಲಿ ಪಾದ ಮುಳುಗೋ ನೀರಲ್ಲಿ ಜಾಕೆಟ್ ಹಾಕ್ಕೊಂಡು ಕೂತ್ರೆ ಅವರಿಗೆ ಅದೇ ಸಮುದ್ರಸ್ನಾನ.

ಬ್ಯಾಗಲ್ಲಿ ಏನಿರಲಿ?

ದಿಬ್ಬದಲ್ಲಿ ಮರ ಇಲ್ಲ, ಅಂಗಡಿ ಇಲ್ಲ, ನಲ್ಲಿ ಇಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯೋ ನೀರು, ಓಆರ್‌ಎಸ್ ಪೊಟ್ಟಣ. ಚಪಾತಿ-ಪಲ್ಯ, ಬಾಳೆಹಣ್ಣು ಸಾಕು; ಬಿಸಿಲಿಗೆ ಕೆಡೋದು ಬೇಡ. ಅಮ್ಮನ ವಾಂತಿ ಮಾತ್ರೆ ದೋಣಿ ಹತ್ತೋಕೆ ಮುಂಚೆಯೇ ತಗೋಬೇಕು, ಶುರುವಾದ ಮೇಲೆ ಪ್ರಯೋಜನ ಕಮ್ಮಿ. ಯಾವ ಮಾತ್ರೆ ಅಂತ ಡಾಕ್ಟರನ್ನ ಕೇಳಿ. ತುಂಬು ತೋಳಿನ ಬಟ್ಟೆ, ಟೋಪಿ. ಸ್ನಾರ್ಕೆಲ್ ಮಾಡುವಾಗ ಸುಡೋದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ. ಟೀ ಶರ್ಟ್ ಹಾಕಿಯೇ ಇಳಿದ್ರೆ ಸನ್‌ಸ್ಕ್ರೀನ್ ಕಮ್ಮಿ ಸಾಕು. ಕೊಳ್ಳುವಾಗ ಆಕ್ಸಿಬೆನ್‌ಜೋನ್, ಆಕ್ಟಿನೋಕ್ಸೇಟ್ ಇಲ್ಲದ್ದು ನೋಡಿ. ಹವಳಕ್ಕೆ ಹಾನಿ ಅಂತ ಇವೆರಡೂ ಇರೋ ಸನ್‌ಸ್ಕ್ರೀನ್ ಮಾರಾಟವನ್ನ ಹವಾಯಿ 2021ರಿಂದ ನಿಷೇಧಿಸಿದೆ.

ಹವಳಕ್ಕೆ ಕಾಲು ತಾಗದಿರಲಿ

ಹವಳ ಕಲ್ಲಲ್ಲ, ಜೀವಿ. ನೀರು ಬಿಸಿಯಾದ್ರೆ ತನ್ನೊಳಗಿನ ಪಾಚಿಯನ್ನ ಹೊರಹಾಕಿ ಬೆಳ್ಳಗಾಗುತ್ತೆ, ಬಿಸಿ ಇಳಿಯದಿದ್ರೆ ಸಾಯುತ್ತೆ. 1998, 2010, 2016ರಲ್ಲಿ ಲಕ್ಷದ್ವೀಪ ಈ ಪೆಟ್ಟು ತಿಂದಿತು, 2024ರಲ್ಲಿ ಮತ್ತೆ ತಿಂದಿತು. ಅಗತ್ತಿ, ಕಡಮತ್, ಕವರತ್ತಿಯಲ್ಲಿ 1998ರಿಂದ 2022ರವರೆಗೆ ನಡೆದ ಅಧ್ಯಯನದಲ್ಲಿ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿರೋದು ಕಂಡಿದೆ. ಉಳಿದ ಅರ್ಧದ ಮೇಲೆ ನಿಂತು ಸೆಲ್ಫಿ ತಗೋಬೇಡಿ. ಸತ್ತ ಹವಳದ ತುಂಡನ್ನೂ ನೆನಪಿಗೆ ಅಂತ ಬ್ಯಾಗಿಗೆ ಹಾಕಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹವಳ ಇದ್ರೆ ಗಿಳಿಮೀನು, ಗಿಳಿಮೀನು ಇದ್ರೆ ಮರಳು, ಮರಳು ಇದ್ರೆ ನೀವು ನೋಡೋಕೆ ಬಂದ ದಿಬ್ಬ.

ಖಾಲಿ ದಿನ ಯಾಕೆ?

ಆಗಲೇ ಒಂದು ಖಾಲಿ ದಿನ ಇಡಿ ಅಂದೆನಲ್ಲ. ಟ್ರಿಪ್ ಕೆಡೋದು ಹೆಚ್ಚಾಗಿ ಸಮುದ್ರದಿಂದ ಅಲ್ಲ, "ಇವತ್ತು ಬಿಟ್ರೆ ಇನ್ನಿಲ್ಲ" ಅನ್ನೋ ಅವಸರದಿಂದ. ನಾಳೆ ಬೆಳಿಗ್ಗೆ ಫ್ಲೈಟ್, ದುಡ್ಡು ಕೊಟ್ಟಾಗಿದೆ, ಇಷ್ಟು ದೂರ ಬಂದಿದೀವಿ. ಈ ಮೂರು ಮಾತು ಬಾಯಿಗೆ ಬಂದಾಗ ಗಾಳಿಯೂ ಸಣ್ಣದಾಗಿ ಕಾಣುತ್ತೆ, ಅಪ್ಪನ ಏದುಸಿರೂ ಸಣ್ಣದಾಗಿ ಕಾಣುತ್ತೆ. ಕೈಯಲ್ಲಿ ಇನ್ನೊಂದು ದಿನ ಇದ್ರೆ "ಇವತ್ತು ಬೇಡ" ಅನ್ನೋದು ಸುಲಭ.

ಆ ಮಾತು ಹೇಳೋ ಹಕ್ಕು ಯಾರಿಗೆ ಅಂತ ಊರಲ್ಲೇ ತೀರ್ಮಾನ ಮಾಡ್ಕೊಳ್ಳಿ. ನಮ್ಮ ಸಲಹೆ: ಆರು ಜನರಲ್ಲಿ ಯಾರು ಬೇಡ ಅಂದ್ರೂ ಅವರು ನೀರಿಗೆ ಇಳಿಯಲ್ಲ, ಯಾರೂ ಒತ್ತಾಯ ಮಾಡಲ್ಲ. ದೋಣಿಯವರು ಬೇಡ ಅಂದ್ರೆ ಆರು ಜನವೂ ಹೋಗಲ್ಲ, ಯಾರೂ ಚೌಕಾಸಿ ಮಾಡಲ್ಲ.

ಹೋಗದೇ ಉಳಿದ ದಿನ ಅಗತ್ತಿಯ ದಂಡೆಯಲ್ಲಿ ಅಜ್ಜಿ ಜೊತೆ ಕೂತ್ಕೊಳ್ಳಿ. ನೀರು ಏರೋದು, ಇಳಿಯೋದು ಅಲ್ಲೂ ಕಾಣುತ್ತೆ. ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ಗುರುತು ಹಾಕೋ ಕೆಲಸ ಮಗುವಿಗೆ ಕೊಡಿ. ಮರುದಿನ ದಿಬ್ಬದ ಮೇಲೆ ನಿಂತಾಗ "ನೀರು ಬರ್ತಿದೆ, ಹೊರಡೋಣ" ಅಂತ ಮೊದಲು ಹೇಳೋದು ಆ ಮಗುವೇ ಆಗಿರಬಹುದು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಟ್ರಿಪ್ ಪ್ಲಾನ್ ಮಾಡುವವರು ಯಾರೋ ಅವರಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.